ಡಬ್ಬಿ ಒಡೆದು ನೋಡಿ, ಆಮೇಲೆ ಸಹಿ ಹಾಕಿ

ಹೋದ ಸಂಚಿಕೆಯಲ್ಲಿ ಬೀಚಲ್ಲಿ ನೇತುಹಾಕೋ ಲೈಫ್ ಬಾಯ್, ಅದೇ ನೀರಿಗೆ ಬಿದ್ದವ್ರಿಗೆ ಎಸೆಯೋ ತೇಲುಬಳೆ, ಅದ್ರ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ ಅಷ್ಟೇ. ಪತ್ರ, ವಾಟ್ಸಾಪ್, ಸಂತೆಯಲ್ಲಿ ಅಡ್ಡಹಾಕಿ ಕೇಳಿದ್ದು ಎಲ್ಲಾ ಸೇರಿ ರಾಶಿ ಪ್ರಶ್ನೆ ಬಂದು ಬಿದ್ದಿದೆ. ಹೆಚ್ಚಿನವು ಒಂದೇ ವಿಷಯ: ಪಂಚಾಯ್ತಿ, ಪುರಸಭೆಯವ್ರು ಜೀವ ಉಳಿಸೋ ಸಾಮಾನನ್ನ ದಿಲ್ಲಿಯ ಜೆಮ್ ಪೋರ್ಟಲಿಂದ (ಸರಕಾರಿ ಕಚೇರಿಗಳು ಸಾಮಾನು ತಗೊಳ್ಳೋ ಆನ್‌ಲೈನ್ ಅಂಗಡಿ) ತರಿಸ್ತಾರಲ್ಲ, ಅದು ಹೆಂಗೆ, ಸರಿಯಾ, ಅದ್ರಲ್ಲಿ ಮೋಸ ಇದ್ಯಾ ಅಂತ. ನಾನು ಮೂವತ್ತು ವರ್ಷದ ಹತ್ರ ಹತ್ರ ಒಂದು ಸ್ಥಳೀಯ ಸಂಸ್ಥೆಯ ಸ್ಟೋರಲ್ಲಿ ಕೂತವ, ಬ್ಲೀಚಿಂಗ್ ಪೌಡರಿಂದ ಹಿಡ್ದು ಬೀದಿದೀಪದ ಬಲ್ಬ್ ತನಕ ಎಣಿಸಿ ರಿಜಿಸ್ಟರಿಗೆ ಏರಿಸಿದವ, ಹಾಗಾಗಿ ಈ ಸಲ ಅಂಕಣ ಪೂರ್ತಿ ಇದಕ್ಕೇ. ತೊಡದೇವು ಮಡಕೆ ಎಲ್ಲಿ ಸಿಗ್ತದೆ ಅಂತ ಕೇಳಿದ ಶಿರಸಿಯ ಅಕ್ಕೋರು ಸಿಟ್ಟಾಗ್ಬೇಡಿ, ಮುಂದಿನ ಸಲ.

ಪ್ರಶ್ನೆ: ನಮ್ಮದು ಹೊನ್ನಾವರ ತಾಲೂಕಿನ ಕಡಲಬದಿ ಗ್ರಾಮ ಪಂಚಾಯ್ತಿ. ನಾನು ಸದಸ್ಯ. ಮಳೆಗಾಲದ ಒಳಗೆ ಇಪ್ಪತ್ತು ಲೈಫ್ ಜಾಕೆಟ್, ಆರು ಲೈಫ್ ಬಾಯ್ ತಗೊಳ್ಬೇಕು ಅಂತ ಮೀಟಿಂಗಲ್ಲಿ ಠರಾವು ಆಯ್ತು. ಪೇಟೆ ಅಂಗಡಿಯವ ಕಮ್ಮಿಗೆ ಕೊಡ್ತೇನೆ ಅಂತಾನೆ, ಪಿಡಿಒ ಸಾಹೇಬ್ರು ಮಾತ್ರ ಜೆಮ್ ಬಿಟ್ಟು ಬೇರೆ ಕಡೆ ತಗೊಳ್ಳೋ ಹಾಗೇ ಇಲ್ಲ ಅಂತಾರೆ. ಹೌದಾ?

ಉತ್ತರ: ಪಿಡಿಒ ಹೇಳಿದ್ದು ಅರ್ಧ ಸರಿ, ಆದ್ರೆ ಉಳಿದರ್ಧ ತಪ್ಪು ಅಂತ ನೀವು ಜಗಳಕ್ಕೆ ಹೋಗೋ ಹಾಗೂ ಇಲ್ಲ.

ಮೊದ್ಲು ಈ ಜೆಮ್ ಅಂದ್ರೆ ಎಂತದು ಅಂತ ಹೇಳ್ತೇನೆ. ಮುಂಚೆ ದಿಲ್ಲಿಯಲ್ಲಿ ಡಿಜಿಎಸ್ ಅಂಡ್ ಡಿ ಅಂತ ಒಂದು ದೊಡ್ಡ ಖರೀದಿ ಇಲಾಖೆ ಇತ್ತು, ಅವ್ರು ಕಂಪನಿಗಳ ಜೊತೆ ರೇಟ್ ಕಾಂಟ್ರಾಕ್ಟ್ ಮಾಡಿ ಇಡ್ತಿದ್ರು, ಆ ರೇಟಿಗೆ ಬೇರೆ ಇಲಾಖೆಯವ್ರು ತಗೊಳ್ಳೋದು. ನಮ್ಮ ಸ್ಟೋರಲ್ಲೂ ಆ ರೇಟ್ ಪಟ್ಟಿಯ ಜೆರಾಕ್ಸು ದಾರ ಕಟ್ಟಿ ಮೊಳೆಗೆ ನೇತಾಡ್ತಿತ್ತು. 2016ರ ಆಗಸ್ಟ್ 9ಕ್ಕೆ ಜೆಮ್ ಪೋರ್ಟಲ್ ಶುರುವಾಯ್ತು, 2017ರ ಅಕ್ಟೋಬರ್ 31ಕ್ಕೆ ಹಳೇ ಇಲಾಖೆಗೆ ಬೀಗ ಬಿತ್ತು. ಅಮೆಜಾನ್, ಫ್ಲಿಪ್‌ಕಾರ್ಟಲ್ಲಿ ನಾವು ನೋಡಿದ ಹಾಗೇ ಅಲ್ಲೂ ಸಾಮಾನು ನೋಡ್ಬಹುದು, ಆದ್ರೆ ತಗೊಳ್ಳೋಕೆ ಸರಕಾರಿ ಐಡಿ ಬೇಕು.

ಈಗ ಕಡ್ಡಾಯದ ವಿಷಯ. ಕೇಂದ್ರದ ಹಣಕಾಸು ನಿಯಮಾವಳಿ 2017 ಅಂತ ಇದೆ, ಅದ್ರ 149ನೇ ನಿಯಮ ಜೆಮ್ಮಲ್ಲಿ ಸಿಗೋ ಸಾಮಾನು ಜೆಮ್ಮಲ್ಲೇ ತಗೊಳ್ಳಿ ಅಂತದೆ. ಅದು ಯಾರಿಗೆ? ಕೇಂದ್ರದ ಮಂತ್ರಾಲಯ, ಇಲಾಖೆಗಳಿಗೆ. ಕಾರವಾರದ ನೇವಲ್ ಬೇಸಿನವ್ರಿಗೆ ಅದು ಲಾಗು, ನಿಮ್ಮ ಪಂಚಾಯ್ತಿಗೆ ನೇರ ಅಲ್ಲ. ನಿಮಗಿರೋದು ರಾಜ್ಯದ ಕಾಯ್ದೆ, ಎಲ್ಲರೂ ಕೆಟಿಪಿಪಿ ಅಂತಾರಲ್ಲ, 1999ರ ಸರಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ, ಮತ್ತೆ ರಾಜ್ಯದ್ದೇ ಆದ ಟೆಂಡರ್ ಪೋರ್ಟಲ್. ಹಾಗಂತ ಪಂಚಾಯ್ತಿಗೆ ಜೆಮ್ ಬಾಗಿಲು ಹಾಕಿಲ್ಲ, ತಗದೇ ಇದೆ. 2023ರ ಏಪ್ರಿಲ್ 24ಕ್ಕೆ, ಪಂಚಾಯ್ತಿ ರಾಜ್ ದಿನದಂದು, ಮಧ್ಯಪ್ರದೇಶದ ರೀವಾದಲ್ಲಿ ಪ್ರಧಾನಿ ಇ-ಗ್ರಾಮ್‌ಸ್ವರಾಜ್ (ಪಂಚಾಯ್ತಿಗಳ ಲೆಕ್ಕಪತ್ರದ ಪೋರ್ಟಲ್) ಮತ್ತೆ ಜೆಮ್ ಎರಡನ್ನೂ ಜೋಡಿಸಿದ ವ್ಯವಸ್ಥೆಗೆ ಚಾಲನೆ ಕೊಟ್ರು, ಅಂದ್ರೆ ಪಂಚಾಯ್ತಿ ತನ್ನ ಲೆಕ್ಕದಿಂದಲೇ ಅಲ್ಲಿ ಖರೀದಿ ಮಾಡಿ ದುಡ್ಡು ಕಟ್ಟೋ ಹಾಗೆ. ಹಾಗಾಗಿ ನೀವು ಪಿಡಿಒ ಹತ್ರ ಕೇಳ್ಬೇಕಾದ್ದು ಒಂದೇ, ಯಾವ ಸುತ್ತೋಲೆ ಪ್ರಕಾರ ಜೆಮ್ಮೇ ಆಗ್ಬೇಕು ಅಂತೀರಿ, ಫೈಲಲ್ಲಿ ತೋರಿಸಿ ಅಂತ. ಇದ್ರೆ ತೋರಿಸ್ತಾರೆ. ಸಿಟ್ಟು ಬರೋದಕ್ಕೆ ಅದ್ರಲ್ಲಿ ಎಂತದ್ದೂ ಇಲ್ಲ.

ದುಡ್ಡು ಯಾವ ಬಾಬ್ತಿಂದು ಅಂತಲೂ ನೋಡ್ಕೊಳ್ಳಿ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಕಟ್ಟಿ ಹಾಕಿದ್ರು, ಉಳಿದ 40 ಮಾತ್ರ ಮುಕ್ತ ಇಟ್ಟಿದ್ರು. ಜಾಕೆಟ್ ಏನಿದ್ರೂ ಅಂಥ ಮುಕ್ತ ಭಾಗದ ಒಳಗೆ, ಇಲ್ಲಾ ಪಂಚಾಯ್ತಿ ಸ್ವಂತ ವರಮಾನದಲ್ಲಿ. ಇದನ್ನ ನೋಡ್ದೆ ಠರಾವು ಬರೆದ್ರೆ ಆಡಿಟ್‌ನವ್ರು ಬರ್ತಾರೆ, ಕೆಂಪು ಪೆನ್ನು ತಗೀತಾರೆ, ಆವಾಗ ಸದಸ್ಯರೆಲ್ಲ ಎಲ್ಲಿರ್ತೀರೋ ಗೊತ್ತಿಲ್ಲ, ಪಿಡಿಒ ಒಬ್ರೇ ಕೂತಿರ್ತಾರೆ. ಅವ್ರು ಜೆಮ್ ಜೆಮ್ ಅಂತ ಹಟ ಹಿಡಿಯೋದೂ ಅದಕ್ಕೇ.

ಇನ್ನು ಅಂಗಡಿಯವನ ಕಮ್ಮಿ ರೇಟು. ಅವ ಹೇಳಿದ್ದು ಜಿಎಸ್‌ಟಿ ಹಾಕಿನಾ? ನಿಮ್ಮ ಪಂಚಾಯ್ತಿ ಬಾಗಿಲಿಗೆ ತಂದು ಇಳಿಸೋದೂ ಸೇರಿನಾ? ಜೆಮ್ಮಲ್ಲಿ ತೋರಿಸೋ ಬೆಲೆ ತೆರಿಗೆ, ಸಾಗಾಟ ಎಲ್ಲಾ ಕೂಡಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನೋಡಿ. ಅದಕ್ಕಿಂತ ಮುಖ್ಯ, ಎರಡೂ ಕಡೆ ಮಾಲು ಒಂದೇನಾ? ನೂರರಲ್ಲಿ ತೊಂಬತ್ತು ಸಲ ಅಲ್ಲ.

ಪ್ರಶ್ನೆ: ನಾವು ಕುಮಟಾ ಕಡೆಯವ್ರು. ನಮ್ಮಲ್ಲಿ ಆಗ್ಲೇ ಜೆಮ್ಮಲ್ಲಿ ತರಿಸಿದ್ರು. ಜಾಕೆಟ್ ನೋಡಿದ್ರೆ ಸ್ವಿಮ್ಮಿಂಗ್ ಪೂಲಲ್ಲಿ ಮಕ್ಕಳು ಹಾಕ್ಕೊಳ್ಳೋ ನಮೂನೆ, ತೆಳ್ಳಗೆ. ದೋಣಿಯವ್ರು ಮುಟ್ಟಿ ನೋಡಿ ನಗಾಡ್ತಾರೆ. ಕೇಳಿದ್ರೆ ಬಿಲ್ ಪಾಸಾಗಿದೆ ಅಂತಾರೆ. ಕೇಂದ್ರ ಸರಕಾರದ ಪೋರ್ಟಲಲ್ಲೇ ಹಿಂಗಾದ್ರೆ ಹೆಂಗೆ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನದೇ ಕತೆ ನೆನಪಾಯ್ತು, ಹೇಳೋಕೆ ನಾಚಿಕೆ, ಆದ್ರೂ ಹೇಳ್ತೇನೆ.

ಕೆಲಸದ ಕೊನೇ ವರ್ಷಗಳಲ್ಲಿ ನಮ್ಮ ಸಂಸ್ಥೆಗೂ ಲೈಫ್ ಬಾಯ್ ಬಂತು, ನಾಲ್ಕು ದೊಡ್ಡ ರಟ್ಟಿನ ಡಬ್ಬಿ. ಮಾರ್ಚ್ ತಿಂಗಳು, ಗೊತ್ತಲ್ಲ, ಮಾರ್ಚ್ ಅಂದ್ರೆ ಸರಕಾರಿ ಆಫೀಸಲ್ಲಿ ಮದುವೆಮನೆ ಇದ್ದ ಹಾಗೆ. ಡಬ್ಬಿ ಮೇಲಿನ ಚೀಟಿ ನೋಡಿದೆ, ನಂಬರ್ ಸರಿ ಇತ್ತು, ಎಣಿಸಿದೆ, ನಾಲ್ಕು ಇತ್ತು, ಸ್ವೀಕಾರ ಪತ್ರ ಆಯ್ತು, ದುಡ್ಡೂ ಹೋಯ್ತು. ಡಬ್ಬಿ ಒಡೆದದ್ದು ಜೂನಲ್ಲಿ! ಒಳಗಿಂದ ತಗದ್ರೆ ಎತ್ತುವಾಗ್ಲೇ ಕೈಗೆ ಹಗುರ. ಮೀನು ಮಾರ್ಕೆಟಿಂದ ಒಬ್ರು ತಕ್ಕಡಿ ತಂದ್ರು, ತೂಗಿದ್ರೆ 1 ಕೆಜಿ 700 ಗ್ರಾಂ. ಹಡಗಿನ ಅಂತಾರಾಷ್ಟ್ರೀಯ ನಿಯಮದ ಲೈಫ್ ಬಾಯ್ ಅಂದ್ರೆ ಎರಡೂವರೆ ಕೆಜಿಗಿಂತ ಕಮ್ಮಿ ಇರೋ ಹಾಗಿಲ್ಲ, ಹೊರಗಿನ ಅಗಲ 800 ಮಿಲಿಮೀಟರ್ ಮೀರಬಾರ್ದು, ಒಳಗಿನ ತೂತು 400ಕ್ಕಿಂತ ಸಣ್ಣ ಆಗ್ಬಾರ್ದು, ಸುತ್ತ ಹಿಡ್ಕೊಳ್ಳೋ ಹಗ್ಗ ಕನಿಷ್ಠ ಒಂಬತ್ತೂವರೆ ಮಿಲಿಮೀಟರ್ ದಪ್ಪ. ಇನ್ನೊಂದು ಪರೀಕ್ಷೆ ಇದೆ, ಸಿಹಿನೀರಲ್ಲಿ 14.5 ಕೆಜಿ ಕಬ್ಬಿಣ ಕಟ್ಟಿ ಬಿಟ್ರೆ 24 ತಾಸು ಮುಳುಗ್ದೆ ಎತ್ತಿ ಹಿಡೀಬೇಕು.

ಆಫೀಸ್ ಹಿಂದೆ ಬಾವಿ ಇತ್ತು. ದಿನಸಿ ಅಂಗಡಿಯಿಂದ ಐದು ಕೆಜಿಯ ಮೂರು ಬಟ್ಟು ತಂದು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಲೈಫ್ ಬಾಯ್‌ಗೆ ಬಿಗಿದು ಇಳಿಸಿದ್ವಿ, ಅರ್ಧ ಕೆಜಿ ಹೆಚ್ಚೇ ಇರ್ಲಿ ಅಂತ. ಒಂದು ನಾಲ್ಕು ಗಂಟೆಗೆ ಒಂದು ಬದಿ ವಾಲಿತು, ಸಂಜೆ ಹೊತ್ತಿಗೆ ನೀರಿನ ಮಟ್ಟಕ್ಕೆ ಬಂತು, ಮಾರನೇ ದಿನ ಬೆಳಿಗ್ಗೆ ಹಗ್ಗ ಮಾತ್ರ ಕಾಣ್ತಿತ್ತು. ಆ ನಾಲ್ಕನ್ನೂ ಆಮೇಲೆ ಯಾರೂ ಬೀಚಿಗೆ ಒಯ್ಲಿಲ್ಲ, ಸ್ಟೋರಲ್ಲೇ ಗೋಡೆಗೆ ಒರಗಿಸಿ ಇಟ್ಟಿದ್ವಿ, ಬೆಕ್ಕು ಮರಿ ಹಾಕಿತ್ತು ಅದ್ರೊಳಗೆ.

ತಪ್ಪು ಯಾರದ್ದು? ಮಾರಿದವ ಕೊಟ್ಟದ್ದು ನಾವು ಕೇಳಿದ್ದನ್ನೇ. ನಾವು ಕೇಳಿದ್ದು ಬರೀ ಲೈಫ್ ಬಾಯ್, ಕಿತ್ತಳೆ ಬಣ್ಣ, ನಾಲ್ಕು ನಗ. ತೂಕ ಬರೀಲಿಲ್ಲ, ಯಾವ ಮಾನದಂಡ ಅಂತ ಬರೀಲಿಲ್ಲ, ಪರೀಕ್ಷೆ ಸರ್ಟಿಫಿಕೇಟ್ ಕೇಳ್ಲಿಲ್ಲ. ಕಮ್ಮಿ ರೇಟಿನವ ಗೆದ್ದ, ಎಲ್-ಒನ್ ಅಂತಾರಲ್ಲ ಅವ. ಎಲ್-ಒನ್ ಅನ್ನೋದು ಕೆಟ್ಟದ್ದಲ್ಲ ಮಾರಾಯ್ರೆ, ನೀವು ಬರ್ದ ಸಾಮಾನನ್ನ ಯಾರು ಕಮ್ಮಿಗೆ ಕೊಡ್ತಾರೆ ಅಂತ ಅಷ್ಟೇ ಅದು ಹೇಳೋದು. ನೀವು ಅರ್ಧ ಬರೆದ್ರೆ ಅರ್ಧ ಸಾಮಾನಿಗೆ ಕಮ್ಮಿ ರೇಟ್ ಸಿಗ್ತದೆ.

ಎರಡನೇ ತಪ್ಪು ನನ್ನ ಸಹಿ. ಜೆಮ್ಮಲ್ಲಿ ಎರಡು ಮೆಟ್ಟಿಲಿದೆ. ಸಾಮಾನು ಬಂದ 48 ತಾಸಿನೊಳಗೆ ಪಿಆರ್‌ಸಿ ಅಂತ ಒಂದು, ಅದು ಬರೀ ಡಬ್ಬಿ ಬಂತು ಅನ್ನೋದಕ್ಕೆ. ಆಮೇಲೆ 10 ದಿನದೊಳಗೆ ಸಿಆರ್‌ಎಸಿ, ಎಲ್ಲರೂ ಕ್ರಾಕ್ ಅಂತಾರೆ. ಅದು ಒಳಗಿನ ಮಾಲನ್ನ ನೋಡಿ ಪರೀಕ್ಷೆ ಮಾಡಿ ಇಷ್ಟು ಒಪ್ಪಿದೆ, ಇಷ್ಟು ಒಪ್ಲಿಲ್ಲ ಅಂತ ಹೇಳೋದು. ದುಡ್ಡು ಹೋಗೋದು ಕ್ರಾಕ್ ಮೇಲೆ. ಅಂದ್ರೆ ಬಾವಿಗೆ ಇಳಿಸೋದಕ್ಕೆ ನಮಗೆ ಹತ್ತು ದಿನ ಕೊಟ್ಟಿದ್ರು, ನಾನು ಹತ್ತು ನಿಮಿಷವೂ ತಗೊಳ್ಲಿಲ್ಲ. ದಿಲ್ಲಿಯವ್ರು ಪೋರ್ಟಲ್ ಕಟ್ಬಹುದು, ಬೆಂಗಳೂರಿನವ್ರು ಕಾಯ್ದೆ ಮಾಡ್ಬಹುದು, ರಟ್ಟಿನ ಡಬ್ಬಿಗೆ ಚೂರಿ ಹಾಕೋದು ಮಾತ್ರ ಇಲ್ಲಿಯವ್ರೇ.

ನಿಮ್ಮದು ಬಿಲ್ ಆಗಿದ್ರೂ ಸುಮ್ನೆ ಕೂರ್ಬೇಡಿ. ಆರ್ಡರ್ ಪ್ರತಿ ತಗಸಿ, ಅದ್ರಲ್ಲಿ ಬರ್ದಿದ್ದಕ್ಕೂ ಬಂದಿದ್ದಕ್ಕೂ ತಾಳೆ ಹಾಕಿ. ಬರ್ದದ್ದಕ್ಕಿಂತ ಕಳಪೆ ಇದ್ರೆ ಖರೀದಿದಾರರು ಪೋರ್ಟಲಲ್ಲೇ ಮಾರಾಟಗಾರನ ಮೇಲೆ ಇನ್ಸಿಡೆಂಟ್ ಅಂತ ದೂರು ಏರಿಸ್ಬಹುದು, ವಾರಂಟಿ ಇದ್ರೆ ಬದಲಿ ಕೇಳ್ಬಹುದು. ಬರ್ದದ್ದೇ ಅಷ್ಟು ಅಂತಾದ್ರೆ, ನಮ್ಮ ಬೆಕ್ಕಿಗೆ ಆದ ಹಾಗೆ ನಿಮ್ಮ ಬೆಕ್ಕಿಗೂ ಒಂದು ಮನೆ ಆಯ್ತು.

ಇನ್ನು ನಿಮ್ಮ ಜಾಕೆಟ್ ವಿಷಯ. ಒಳಗಿನ ಚೀಟಿಯಲ್ಲಿ 50, 100, 150, 275 ಅಂತ ನ್ಯೂಟನ್ ಬರ್ದಿರ್ತಾರೆ, ಎಷ್ಟು ತೇಲಿಸೋ ಶಕ್ತಿ ಅಂತ. 50 ಅಂದ್ರೆ ಈಜು ಬರೋವ್ನಿಗೆ, ದಡದ ಹತ್ರ, ಶಾಂತ ನೀರಲ್ಲಿ. ಅಲೆ ಇರೋ ಕಡಲಿಗೆ, ಪ್ರಜ್ಞೆ ತಪ್ಪಿದವನನ್ನೂ ಅಂಗಾತ ತಿರುಗಿಸಿ ಬಾಯಿ ಮೇಲೆ ಹಿಡೀಬೇಕು ಅಂದ್ರೆ 150. ನಿಮ್ಮ ದೋಣಿಯವ್ರು ನಗಾಡಿದ್ದು 50ರದ್ದನ್ನ ನೋಡಿ ಇರ್ಬೇಕು. ಮುಂದಿನ ಸಲ ಸ್ಪೆಸಿಫಿಕೇಶನ್ ಬರೆಯುವಾಗ ಅವ್ರನ್ನೇ ಕರ್ದು ಕೂರಿಸ್ಕೊಳ್ಳಿ, ಚಾ ಕೊಟ್ರೆ ಸಾಕು. 2019ರ ಜನವರಿ 21ಕ್ಕೆ ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರ್ತಿದ್ದ ದೋಣಿ ಮಗುಚಿ 16 ಜನ ಹೋದ್ರಲ್ಲ, ಆವತ್ತಿಂದ ಈ ಕಡೆ ದೋಣಿ ಹತ್ತೋವಾಗ ಜಾಕೆಟ್ ಎಲ್ಲಿ ಅಂತ ಹೆಂಗಸ್ರು ಮಕ್ಕಳೂ ಕೇಳ್ತಾರೆ. ಕೇಳಿದವ್ರ ಕೈಗೆ 50ರದ್ದು ಕೊಟ್ಟು ಕಳ್ಸೋದಾ?

ಪ್ರಶ್ನೆ: ನನ್ನ ಅಣ್ಣನ ಮಗ ಅಮೆರಿಕದಲ್ಲಿ ಇದಾನೆ. ಅಲ್ಲಿ ಸಣ್ಣ ಊರಿನ ಪೊಲೀಸ್ರೂ ಮಿಲಿಟರಿ ರೇಟಲ್ಲಿ ಸಾಮಾನು ತಗೊಳ್ತಾರೆ ಅಂತಾನೆ. ಅವ್ರಲ್ಲೂ ಜೆಮ್ ಇದ್ಯಾ? ಅಥವಾ ಸುಮ್ನೆ ಹೇಳ್ತಾನಾ? (ಶಿರಸಿ)

ಉತ್ತರ: ಸುಮ್ನೆ ಹೇಳ್ತಿಲ್ಲ ಹುಡುಗ. ಆದ್ರೆ ಎರಡು ಮೂರು ಬೇರೆ ಬೇರೆ ಯೋಜನೆ ಇವೆ, ಎಲ್ಲರೂ ಕಲಸಿ ಹಾಕ್ತಾರೆ.

ಒಂದು 1122 ಅಂತ. ಅವ್ರ 1994ನೇ ಆರ್ಥಿಕ ವರ್ಷದ ರಕ್ಷಣಾ ಕಾಯ್ದೆಯ 1122ನೇ ಕಲಂ, ಅದೇ ಹೆಸರಾಯ್ತು. ಶುರುವಿನಲ್ಲಿ ಮಾದಕ ವಸ್ತು ತಡೆಯೋ ಕೆಲಸಕ್ಕೆ ಮಾತ್ರ ಇತ್ತು, 2009ರ ಆರ್ಥಿಕ ವರ್ಷದ ಕಾಯ್ದೆಯಲ್ಲಿ ಆಂತರಿಕ ಭದ್ರತೆ ಮತ್ತೆ ತುರ್ತು ಕಾರ್ಯಾಚರಣೆಯನ್ನೂ ಸೇರಿಸಿದ್ರು. ರಾಜ್ಯದಲ್ಲಿ ಒಬ್ಬ ಸಂಪರ್ಕ ಅಧಿಕಾರಿ ಇರ್ತಾನೆ, ಊರಿನ ಪೊಲೀಸ್ ಇಲಾಖೆ, ಅಗ್ನಿಶಾಮಕದವ್ರು ಅವನಿಗೆ ಬೇಡಿಕೆ ಕಳಿಸ್ಬೇಕು, ಇದು ಯೋಜನೆಯ ಉದ್ದೇಶಕ್ಕೆ ಹೊಂದ್ತದಾ ಅಂತ ಅವ ನೋಡಿ ಮುಂದೆ ಕಳಿಸ್ತಾನೆ. ಸಾಮಾನು ಹೊಸದು, ರೇಟು ಫೆಡರಲ್ ಸರಕಾರಕ್ಕೆ ಸಿಗೋ ರೇಟು, ಆದ್ರೆ ದುಡ್ಡು ಊರಿನವ್ರದ್ದೇ. ಒಂದು ಡಾಲರೂ ವಾಷಿಂಗ್ಟನ್ ಕೊಡೋಲ್ಲ.

ಇನ್ನೊಂದು 1033. ಅದು ಖರೀದಿಯೇ ಅಲ್ಲ, ಮಿಲಿಟರಿಗೆ ಬೇಡಾದ ಸಾಮಾನನ್ನ ಪೊಲೀಸ್ರಿಗೆ ಪುಕ್ಕಟೆ ಕೊಡೋದು, ಸಾಗಾಟದ ಖರ್ಚು ಮಾತ್ರ ತಗೊಂಡವ್ರದ್ದು. 2014ರಲ್ಲಿ ಮಿಸೌರಿ ರಾಜ್ಯದ ಫರ್ಗುಸನ್ ಊರಲ್ಲಿ ಗಲಾಟೆ ಆದಾಗ ಪೊಲೀಸ್ರು ಯುದ್ಧಕ್ಕೆ ಹೊರಟವ್ರ ಹಾಗೆ ಬೀದಿಗೆ ಇಳಿದ ಫೋಟೋ ಪ್ರಪಂಚ ಎಲ್ಲಾ ನೋಡ್ತು, ಅದಾದ ಮೇಲೆ ಒಬಾಮಾ 2015ರಲ್ಲಿ ಆದೇಶ ಹೊರಡಿಸಿ ಇಂಥ ಸಾಮಾನಿಗೆ ಕಡಿವಾಣ ಹಾಕಿದ್ರು, 2017ರ ಆಗಸ್ಟಲ್ಲಿ ಟ್ರಂಪ್ ಅದನ್ನ ತಗದು ಹಾಕಿದ್ರು. ಪುಕ್ಕಟೆ ಸಿಗ್ತದೆ ಅಂದ್ರೆ ಬೇಕೋ ಬೇಡವೋ ತಂದು ಅಂಗಳದಲ್ಲಿ ನಿಲ್ಲಿಸೋ ಬುದ್ಧಿ ನಮ್ಮೂರಿನವ್ರದ್ದು ಮಾತ್ರ ಅಂತ ನಾನು ತಿಳ್ಕೊಂಡಿದ್ದೆ.

ನಮ್ಮ ಜೆಮ್ಮಿಗೆ ಹತ್ತಿರ ಬರೋದು ಮೂರನೇದು. ಅಲ್ಲಿ ಜಿಎಸ್ಎ ಅಂತ ಫೆಡರಲ್ ಸರಕಾರದ ಖರೀದಿ ಸಂಸ್ಥೆ, ಅವ್ರು ಕಂಪನಿಗಳ ಜೊತೆ ಮೊದ್ಲೇ ರೇಟ್ ಮಾತಾಡಿ ಪಟ್ಟಿ ಮಾಡಿ ಇಡ್ತಾರೆ. ಮುಂಚೆ ಅದು ಫೆಡರಲ್ ಕಚೇರಿಗಳಿಗೆ ಮಾತ್ರ ಇತ್ತು. 2002ರ ಕಾಯ್ದೆಯಲ್ಲಿ ಕಂಪ್ಯೂಟರ್ ಸಾಮಾನಿನ ಪಟ್ಟಿಯನ್ನ ರಾಜ್ಯ, ಊರಿನ ಆಡಳಿತಗಳಿಗೂ ಬಿಟ್ಟುಕೊಟ್ರು, 2008ರಲ್ಲಿ ಪೊಲೀಸ್, ಬೆಂಕಿ, ಭದ್ರತೆ ಸಾಮಾನಿನ ಪಟ್ಟಿಯನ್ನೂ. ಬೇಕಾದವ್ರು ತಗೊಳ್ಳಿ, ಬೇಡಾದವ್ರು ಬಿಡಿ, ಕಂಪನಿಯವ್ರೂ ಅಷ್ಟೇ, ಊರಿನವ್ರಿಗೆ ಮಾರ್ಲೇಬೇಕು ಅಂತಿಲ್ಲ. ಮಾರಿದ್ದರ ಮೇಲೆ ಕಂಪನಿ ಜಿಎಸ್ಎಗೆ ನೂರಕ್ಕೆ ಮುಕ್ಕಾಲು ಡಾಲರ್ ಶುಲ್ಕ ಕಟ್ಟತದೆ.

ಒಂದು ವ್ಯತ್ಯಾಸ ನನಗೆ ಇಷ್ಟ ಆದದ್ದು, 1122ರಲ್ಲಿ ಮಧ್ಯೆ ಒಬ್ಬ ಮನುಷ್ಯ ಕೂತಿರ್ತಾನೆ, ಈ ಸಾಮಾನು ಎಂತಕ್ಕೆ ಅಂತ ಕೇಳೋವ. ನಮ್ಮಲ್ಲಿ ತಾಲೂಕಿಗೊಬ್ಬ ಅಂಥವನಿದ್ರೆ ಅಂತ ಅನಿಸ್ತದೆ. ಆದ್ರೆ ಅವನೂ ಸಹಿ ಹಾಕೋ ಮೆಷಿನ್ ಆಗಿಬಿಟ್ರೆ ಕಷ್ಟ, ಅದೂ ಗೊತ್ತು.

ಪ್ರಶ್ನೆ: ಭಟ್ಕಳದಿಂದ. ನಮ್ಮಲ್ಲಿ ಬೆಂಕಿ ಆರಿಸೋ ಗಾಡಿ ಹೊಸದು ಪುರಸಭೆಯವ್ರು ತಗೊಳ್ಬಹುದಾ?

ಉತ್ತರ: ಅದು ಪುರಸಭೆ ಬಾಬ್ತಲ್ಲ, ರಾಜ್ಯದ ಅಗ್ನಿಶಾಮಕ ಇಲಾಖೆದು. ರಾಜ್ಯಗಳ ಅಗ್ನಿಶಾಮಕ ಸೇವೆ ಸುಧಾರಿಸೋಕೆ ಅಂತ ಕೇಂದ್ರ 2023ರ ಜುಲೈಯಲ್ಲಿ 5000 ಕೋಟಿಯ ಯೋಜನೆ ತಂದಿದೆ, ನಿಮ್ಮ ಶಾಸಕರನ್ನ ಕೇಳಿ. ಪುರಸಭೆ ಕೈಲಾಗೋದು ಕಟ್ಟಡಗಳಿಗೆ ಎಕ್ಸ್‌ಟಿಂಗ್ವಿಶರ್. ಅದ್ರ ಮೇಲೆ ಐಎಸ್ 15683 ಅಂತ ಮುದ್ರೆ ಇದ್ಯಾ ನೋಡಿ, ಗೇಜಿನ ಮುಳ್ಳು ಹಸಿರಲ್ಲಿ ಇದ್ಯಾ ನೋಡಿ. ಕಡಲಬದಿ ಉಪ್ಪುಗಾಳಿಗೆ ಡಬ್ಬದ ತಳ ಮೊದ್ಲು ತುಕ್ಕು ಹಿಡೀತದೆ, ಎತ್ತಿ ತಳ ನೋಡಿ. ಗೋಡೆಗೆ ತೂಗಿಬಿಟ್ಟ ಮೇಲೆ ತಳ ನೋಡೋವ್ರು ಯಾರೂ ಇಲ್ಲ.

ಪ್ರಶ್ನೆ: ಶಿರಸಿ ಮಾರಿಕಾಂಬಾ ಜಾತ್ರೆಗೆ ಬಿಡ್ಕಿ ಬೈಲು ಸುತ್ತ ಹಾಕೋ ಹಾಗೆ ನಾವು ನಮ್ಮ ಊರ ಜಾತ್ರೆಗೂ ಪಂಚಾಯ್ತಿಯಿಂದ ಸಿಸಿ ಕ್ಯಾಮೆರಾ ಹಾಕ್ಸಿದ್ವಿ. ಮೂರು ಮಳೆಗಾಲ ಆಯ್ತು, ಹತ್ತರಲ್ಲಿ ನಾಲ್ಕು ಸತ್ತಿದೆ. ಮಾರಿದವ ಫೋನ್ ಎತ್ತೋಲ್ಲ.

ಉತ್ತರ: ಕ್ಯಾಮೆರಾ ಅಂದ್ರೆ ಎಮ್ಮೆ ಸಾಕಿದ ಹಾಗೆ. ತರೋದು ಒಂದು ದಿನದ ಖರ್ಚು, ಮೇಯ್ಸೋದು ದಿನಾ. ನೀವು ತಗೊಳ್ಳುವಾಗ ಬರೀ ಕ್ಯಾಮೆರಾಕ್ಕೆ ಆರ್ಡರ್ ಹಾಕಿರ್ತೀರಿ, ಕಂಬ, ಕೇಬಲ್, ಯುಪಿಎಸ್, ಸಿಡಿಲು ತಡೆಯೋದು, ವರ್ಷಕ್ಕೆರಡು ಸಲ ಬಂದು ನೋಡೋ ನಿರ್ವಹಣೆ ಕರಾರು ಅದ್ರಲ್ಲಿ ಇರ್ಲಿಲ್ಲ, ಅಲ್ದಾ? ಘಟ್ಟದ ಮೇಲಿನ ಸಿಡಿಲು ನಿಮಗೆ ನಾನು ಹೇಳ್ಕೊಡ್ಬೇಕಾಗಿಲ್ಲ. ಮುಂದೆ ತಗೊಳ್ಳುವಾಗ ಸಾಮಾನು ಮತ್ತೆ ನಿರ್ವಹಣೆ ಒಟ್ಟಿಗೇ ಬಿಡ್ ಕರೀರಿ, ಮೂರು ವರ್ಷ, ಐದು ವರ್ಷ ಅಂತ. ಕ್ಯಾಮೆರಾ ಕೆಟ್ಟ ಎಷ್ಟು ತಾಸಿನೊಳಗೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಎಷ್ಟು ಕಡಿತ ಅಂತ ಬರೀರಿ. ಐದು ಲಕ್ಷದ್ದನ್ನ ನಾಲ್ಕು ತುಂಡು ಮಾಡಿ ಸಣ್ಣ ಸಣ್ಣ ಆರ್ಡರ್ ಹಾಕೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಆಡಿಟ್‌ನವ್ರು ಮೊದ್ಲು ಹುಡುಕೋದೇ ಅದನ್ನ.

ಇನ್ನೊಂದು, 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಕ್ಕೆ ಭದ್ರತಾ ಪರೀಕ್ಷೆ ಕಡ್ಡಾಯ ಆಗಿದೆ, ಮಾನ್ಯತೆ ಇರೋ ಲ್ಯಾಬಲ್ಲಿ ಪರೀಕ್ಷೆ ಆಗದ ಮಾಡೆಲ್ ಮಾರೋ ಹಾಗಿಲ್ಲ. ಹೊರಗಿನವ್ರು ಇಂಟರ್ನೆಟ್ ಮೂಲಕ ಕ್ಯಾಮೆರಾ ಒಳಗೆ ಹೊಕ್ಕು ನೋಡ್ಬಾರ್ದು ಅಂತ. ಹಳೇ ಸ್ಟಾಕು ಅಗ್ಗಕ್ಕೆ ಕೊಡ್ತೇನೆ ಅಂತ ಯಾರಾದ್ರೂ ಬಂದ್ರೆ ಆ ಸರ್ಟಿಫಿಕೇಟ್ ಕೇಳಿ. ಮತ್ತೆ ಪಾಸ್‌ವರ್ಡ್ ಬದಲು ಮಾಡಿ ಮಾರಾಯ್ರೆ, ಒಂದು ಪಂಚಾಯ್ತಿಯಲ್ಲಿ ನಾನೇ ನೋಡಿದೀನಿ, ಪಾಸ್‌ವರ್ಡನ್ನ ಮಾನಿಟರಿಗೆ ಚೀಟಿ ಅಂಟಿಸಿ ಇಟ್ಟಿದ್ರು, ಅದೂ ಕಿಟಕಿಯಿಂದ ಓದೋ ಹಾಗೆ.

ಪ್ರಶ್ನೆ: ಅಂಕೋಲಾದವ ನಾನು. ಶಿರೂರು ಗುಡ್ಡ ಕುಸಿದಾಗ ನೋಡಿದೀವಿ, ಸಾಮಾನು ಬರೋಕೆ ಎಷ್ಟು ದಿನ ಹಿಡೀತು. ಅಂಥ ಹೊತ್ತಲ್ಲೂ ಈ ಜೆಮ್ಮು ಟೆಂಡರು ಅಂತ ಕೂರ್ಬೇಕಾ?

ಉತ್ತರ: ಬೇಡ. ಕಾನೂನೇ ಬೇಡ ಅಂತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಂ ಓದಿ, ರಕ್ಷಣೆಗೆ, ಪರಿಹಾರಕ್ಕೆ ಸಾಮಾನು ತಕ್ಷಣ ಬೇಕು ಅಂತ ಜಿಲ್ಲಾ ಪ್ರಾಧಿಕಾರಕ್ಕೆ ಮನವರಿಕೆ ಆದ್ರೆ ತುರ್ತು ಖರೀದಿಗೆ ಅಧಿಕಾರ ಕೊಡ್ಬಹುದು, ಟೆಂಡರ್ ಕರೆಯೋ ಪದ್ಧತಿ ಆವಾಗ ಮನ್ನಾ ಆದ ಹಾಗೆ. ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿಯವ್ರೇ ಅಧ್ಯಕ್ಷರು. ರಾಜ್ಯದ ಕೆಟಿಪಿಪಿಯ 4ನೇ ಕಲಮಲ್ಲೂ ಸರಕಾರ ಘೋಷಣೆ ಮಾಡಿದ ಪ್ರಕೃತಿ ವಿಕೋಪ, ತುರ್ತು ಸ್ಥಿತಿಗೆ ವಿನಾಯಿತಿ ಇದೆ. ಅಮೆರಿಕದವ್ರಿಗೂ ವಿಪತ್ತಿನ ಖರೀದಿ ಅಂತ ಬೇರೇ ದಾರಿ ಮಾಡಿಟ್ಟಿದ್ದಾರೆ.

ಆದ್ರೆ ಶಿರೂರಲ್ಲಿ ಅಡ್ಡ ಬಂದದ್ದು ಟೆಂಡರ್ ಮಾತ್ರ ಅಂತ ನೀವು ತಿಳ್ಕೊಂಡಿದ್ರೆ, ಹಾಗಲ್ಲ. 2024ರ ಜುಲೈ 16ಕ್ಕೆ ಗುಡ್ಡ ಬಿತ್ತು, ಗಂಗಾವಳಿ ತುಂಬಿ ಹರೀತಿತ್ತು, ಆ ಸೆಳವಿಗೆ ಮುಳುಗುಗಾರರೂ ಇಳಿಯೋ ಹಾಗಿರ್ಲಿಲ್ಲ, ಕೊನೆಗೆ ಗೋವಾದಿಂದ ಡ್ರೆಜ್ಜರ್ (ನದಿ ತಳದ ಮಣ್ಣು ತಗಿಯೋ ಯಂತ್ರ) ಬಂದ ಮೇಲೆ ನದಿಯಲ್ಲಿ ಮುಳುಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಡ್ರೆಜ್ಜರ್‌ನ್ನ ಯಾವ ಪಂಚಾಯ್ತಿಯೂ ಜೆಮ್ಮಲ್ಲಿ ತಗೊಂಡು ಇಟ್ಕೊಳ್ಳೋಕೆ ಆಗೋಲ್ಲ, ಅದು ಬಾಡಿಗೆದ್ದೇ. ಪಂಚಾಯ್ತಿ ಇಟ್ಕೊಳ್ಬೇಕಾದ್ದು ಸಣ್ಣ ಸಾಮಾನು. ಹಗ್ಗ, ಟಾರ್ಚು, ಜಾಕೆಟ್ಟು, ಮರ ಕೊಯ್ಯೋ ಮೆಷಿನ್ನು, ಮೆಗಾಫೋನು. ಅದೇ ವರ್ಷ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿಗೆ ಕಾರವಾರದ ಕಾಳಿ ಹಳೇ ಸೇತುವೆ ಬಿತ್ತಲ್ಲ, ನದಿಗೆ ಬಿದ್ದ ಲಾರಿ ಡ್ರೈವರನ್ನ ಮೇಲೆ ತಂದದ್ದು ಪೊಲೀಸ್ರು ಮತ್ತೆ ಅಲ್ಲೇ ಇದ್ದ ಮೀನುಗಾರರು. ಹತ್ತಿರ ಇದ್ದವ್ರೇ ಮೊದ್ಲು ಬರೋದು, ಅವ್ರ ಕೈಗೆ ಸಾಮಾನು ಆಗ್ಲೇ ಇರ್ಬೇಕು. ಬೆಂಕಿ ಬಿದ್ದಾಗ ಬಾವಿ ತೋಡೋಕೆ 50ನೇ ಕಲಂ ಇದೆ, ಬಾವಿ ಮುಂಚೆಯೇ ತೋಡಿದ್ರೆ ಯಾವ ಕಲಮೂ ಬೇಡ. ಮೇ ತಿಂಗಳ ಮೊದ್ಲೇ ಆರ್ಡರ್ ಹಾಕಿ, ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಡಬ್ಬಿ ಒಡೀದೆ ಸಹಿ ಹಾಕಿ ನನ್ನ ಹಾಗೆ ಮಾಡ್ಕೊಬೇಡಿ.

ಪ್ರಶ್ನೆ: ಕಾರವಾರದಲ್ಲಿ ನನ್ನದು ಸಣ್ಣ ಅಂಗಡಿ, ದೋಣಿ ಸಾಮಾನು, ಹಗ್ಗ, ಬಲೆ. ನಾನೂ ಜೆಮ್ಮಲ್ಲಿ ಮಾರ್ಬಹುದಾ? ದಿಲ್ಲಿ, ಮುಂಬೈಯವ್ರ ಮುಂದೆ ನಾನು ನಿಲ್ಲೋಕೆ ಆಗ್ತದಾ?

ಉತ್ತರ: ಮಾರ್ಬಹುದು. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಹೆಸರು ಬರ್ಸೋದು), ಪಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ ರೆಡಿ ಇಟ್ಕೊಂಡು ಮಾರಾಟಗಾರ ಅಂತ ಹೆಸರು ಬರ್ಸಿ, ಸೈಬರ್ ಅಂಗಡಿಯವ್ನಿಗೆ ಕೊಡೋದಕ್ಕಿಂತ ಮನೆಯ ಕಾಲೇಜು ಹುಡುಗಿ ಹತ್ರ ಮಾಡ್ಸಿ, ಚೆನ್ನಾಗಿ ಮಾಡ್ತಾಳೆ. ಕೇಂದ್ರದ ಖರೀದಿಯಲ್ಲಿ ನೂರಕ್ಕೆ 25 ಸಣ್ಣ ಉದ್ದಿಮೆಯವ್ರಿಂದ ತಗೊಳ್ಬೇಕು ಅಂತ ನೀತಿ ಇದೆ, ಆದ್ರೆ ಅದು ತಯಾರು ಮಾಡೋವ್ರಿಗೆ, ತಂದು ಮಾರೋ ಅಂಗಡಿಯವ್ರಿಗೆ ಅಲ್ಲ. ಬಲೆ ನೀವೇ ಹೆಣೆಸ್ತೀರಿ ಅಂದ್ರೆ ಬೇರೆ ಮಾತು.

ಅವ್ರ ಮುಂದೆ ರೇಟಲ್ಲಿ ನಿಲ್ಲೋದು ಕಷ್ಟ, ಸುಳ್ಳು ಹೇಳೋಲ್ಲ. ಹತ್ತು ಸಾವಿರ ಜಾಕೆಟ್ ಹೊಲಿಸೋವ್ನ ಅಸಲು ನಿಮಗೆ ಬರೋಲ್ಲ. ನಿಮ್ಮ ಬಲ ಬೇರೆ ಕಡೆ ಇದೆ. ಜಿಪ್ ಕಿತ್ತುಹೋದ್ರೆ ಹೊಲಿದು ಕೊಡೋವ್ರು ಯಾರು, ಹಗ್ಗ ಬದಲು ಮಾಡೋವ್ರು ಯಾರು? ಮುಂಬೈಯವ ಬರ್ತಾನಾ? ಪಂಚಾಯ್ತಿಯವ್ರಿಗೆ ವರ್ಷದ ರಿಪೇರಿ ಕರಾರಿಗೆ ಅರ್ಜಿ ಕೊಡಿ, ಅದು ಸಣ್ಣ ಮೊತ್ತ, ಅಲ್ಲಿ ದೊಡ್ಡವ್ರು ಬರೋಲ್ಲ.

ಪ್ರಶ್ನೆ: ಗೋಕರ್ಣದವ್ರು. ನಮ್ಮ ಕಡೆ ಏನು ತಗೊಂಡ್ರು, ಎಷ್ಟಕ್ಕೆ ತಗೊಂಡ್ರು ಅಂತ ತಿಳಿಯೋದು ಹೆಂಗೆ? 2024ರ ಡಿಸೆಂಬರಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಕಡೆಯ ನಾಲ್ಕು ಶಾಲಾ ಹುಡುಗಿಯರು ನೀರುಪಾಲಾದ ಮೇಲೆ ಇಲ್ಲೂ ಎಲ್ಲರಿಗೂ ಹೆದರಿಕೆ ಇದೆ, ಕೇಳಿದ್ರೆ ಎಲ್ಲಾ ತರಿಸಿದೀವಿ ಅಂತಾರೆ.

ಉತ್ತರ: ಮೊದ್ಲು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಕೇಳಿ, ನಡಾವಳಿ ಪುಸ್ತಕದಲ್ಲಿ ಪ್ರಶ್ನೆ ಬರೆಸಿ. ಉತ್ತರ ಬರ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು, 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಶಬ್ದದೊಳಗೆ, ಒಂದೇ ವಿಷಯ, ಹಾಗಾಗಿ ಪುರಾಣ ಬರೀಬೇಡಿ, ಹಿಂಗೆ ಬರೀರಿ: ಇಂಥ ವರ್ಷ ಖರೀದಿಸಿದ ಜೀವರಕ್ಷಕ ಸಾಮಗ್ರಿಗಳ ಆರ್ಡರ್ ಪ್ರತಿ ತಾಂತ್ರಿಕ ವಿವರ ಸಹಿತ, ಪಿಆರ್‌ಸಿ ಮತ್ತು ಸಿಆರ್‌ಎಸಿ ಪ್ರತಿ ತಾರೀಕು ಸಹಿತ, ದಾಸ್ತಾನು ರಿಜಿಸ್ಟರಿನ ಆ ಪುಟದ ಪ್ರತಿ, ಸಾಮಗ್ರಿ ಈಗ ಇರುವ ಜಾಗ. ಅಷ್ಟೇ. ಎರಡೂ ಕಾಗದದ ತಾರೀಕು ನೋಡಿದ್ರೆ ಡಬ್ಬಿ ಒಡೆದ್ರೋ ಇಲ್ವೋ ಅರ್ಧ ಅಲ್ಲೇ ಗೊತ್ತಾಗ್ತದೆ, ಒಂದೇ ದಿನ ಒಂದೇ ಗಂಟೆಯಲ್ಲಿ ಎರಡೂ ಆಗಿದ್ರೆ ನನ್ನಂಥವನೊಬ್ಬ ಅಲ್ಲಿ ಕೂತಿದ್ದ ಅಂತ ಲೆಕ್ಕ.

ಆಮೇಲೆ ಸಾಮಗ್ರಿ ಈಗ ಇರುವ ಜಾಗ ಅಂತ ಬರ್ದು ಕೊಟ್ಟಿರ್ತಾರಲ್ಲ, ಅಲ್ಲಿಗೆ ಹೋಗಿ ನೋಡಿ. ಹೋಗುವಾಗ ತಕ್ಕಡಿ ತಗೊಂಡು ಹೋಗಿ.